ಹಾಸಿಗೆಯಲ್ಲಿ ಮಲಗಿ ಹಾಕಿದ ಗವಂತಿ

ಕಾಲಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದೆ. ಎರಡು ದಿಂಬಿನ ಮೇಲೆ ಕಾಲಿಟ್ಟುಕೊಂಡು ಎಷ್ಟು ಅಂತ ಮೊಬೈಲ್ ನೋಡೋದು? ನಾನು ಮದುವೆಯಾಗಿ ಬಂದಿದ್ದು ಧಾರವಾಡಕ್ಕೆ. ನಮ್ಮತ್ತೆಗೆ ಈ ಕಡೆಯ ಕಸೂತಿ ಬರುತ್ತೆ. ಅವರೇ ಒಂದು ತುಂಡು ಮ್ಯಾಟಿ ಬಟ್ಟೆ (ಎಳೆ ಎಣಿಸೋಕೆ ಬರುವಂಥ ದಪ್ಪ ನೇಯ್ಗೆಯದು), ಸೂಜಿ, ಕೆಂಪು ದಾರ ತಂದು ಕೈಗಿಟ್ಟರು.

ಕಸೂತಿಯಲ್ಲಿ ನಾಲ್ಕು ಹೊಲಿಗೆ. ಗೆರೆ ಎಳೆದಂತೆ ಹೋಗುವುದು ಗವಂತಿ, ಮೆಟ್ಟಿಲಿನಂತೆ ಹತ್ತಿ ಇಳಿಯುವುದು ಮುರ್ಗಿ, ನೇಯ್ದಂತೆ ಕಾಣುವುದು ನೇಗಿ, ಕತ್ತರಿ ಗುರುತಿನಂತೆ ಹಾಕಿ ತುಂಬುವುದು ಮೆಂತಿ. ನಾನು ಹಿಡಿದಿದ್ದು ಗವಂತಿ. ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವ ಹಾಗೂ ಇಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬಬೇಕು. ಆಗ ಬಟ್ಟೆಯ ಎರಡೂ ಕಡೆ ಒಂದೇ ಚಿತ್ರ. ಅತ್ತೆಯಂತೂ ಮುಂದಿನ ಭಾಗ ನೋಡುತ್ತಲೇ ಇರಲಿಲ್ಲ. "ಮೊದ್ಲ ಹಿಂದ ತಿರುವಿ ತೋರ್ಸವಾ" ಅನ್ನೋರು.

ಇದರಲ್ಲಿ ಕೈಗಿಂತ ತಲೆಗೆ ಕೆಲಸ ಜಾಸ್ತಿ. ತುಳಸಿ ಕಟ್ಟೆಯ ಚಿತ್ರವನ್ನೇ ತಗೊಳ್ಳಿ. ಕಟ್ಟೆಯಿಂದ ಗಿಡ ಹತ್ತುತ್ತಾ ಹೋದರೆ ಎಡಕ್ಕೊಂದು ಕೊಂಬೆ ಸಿಗುತ್ತೆ. ಅದರ ತುದಿ ಮುಟ್ಟಿ, ಖಾಲಿ ಜಾಗ ತುಂಬಿಕೊಂಡು ಬುಡಕ್ಕೆ ಬಂದು, ಆಮೇಲೆ ಮೇಲಕ್ಕೆ ಹೊರಡಬೇಕು. ಇಳಿಯುವಾಗ ಹಾಕಿದರೂ ನಡೆಯುತ್ತೆ. ಆಗಲೂ ಬಿಟ್ಟರೆ ಆ ಕೊಂಬೆಗೆ ಬೇರೆ ದಾರವೇ ಬೇಕು. ಈ ದಾರಿ ಲೆಕ್ಕ ಹಾಕೋಕೆ ಸೂಜಿ ಬೇಡ, ಎದ್ದು ಕೂರೋದೂ ಬೇಡ. ನೋವಿಗೆ ನಿದ್ದೆ ಬಾರದ ರಾತ್ರಿಗಳಲ್ಲಿ ಇಡೀ ಗೋಪುರದ ಚಿತ್ರವನ್ನು ಮನಸ್ಸಲ್ಲೇ ಹತ್ತಿ ಇಳಿದಿದ್ದೇನೆ.

ಮಲಗಿಕೊಂಡು ಹಾಕುವವರು ದಾರವನ್ನು ಒಂದು ಮೊಳಕ್ಕಿಂತ ಉದ್ದ ಇಟ್ಟುಕೊಳ್ಳಬೇಡಿ. ಎಳೆಯುವಾಗ ಮೊಣಕೈ ಗೋಡೆಗೆ ಬಡಿಯುತ್ತೆ. ಸೂಜಿ ಮೊಂಡು ತುದಿಯದ್ದಿರಲಿ. ಅದು ಹಾಸಿಗೆಯಲ್ಲಿ ಕಳೆದುಹೋಗದಂತೆ ಫ್ರಿಜ್ ಮೇಲಿನ ಮ್ಯಾಗ್ನೆಟ್ ಒಂದನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಬಿಳಿ ಬಟ್ಟೆಯ ಕೆಳಗೆ ಕಪ್ಪು ದುಪಟ್ಟಾ ಹಾಸಿಕೊಂಡರೆ ಎಳೆಗಳ ಸಂದು ಚೆನ್ನಾಗಿ ಕಾಣುತ್ತೆ.

ಆನೆ, ನವಿಲು, ತೇರು ಇವೆಲ್ಲ ಹಳೇ ಚಿತ್ರಗಳು. ನನ್ನ ಕಣ್ಣೆದುರು ಇದ್ದಿದ್ದು ಫ್ಯಾನು, ವಾಕರ್, ಬಟ್ಟೆ ಒಣಹಾಕುವ ತಂತಿ. ಅವನ್ನೇ ಯಾಕೆ ಹಾಕಬಾರದು ಅನ್ನಿಸಿತು. ಮಗಳ ಲೆಕ್ಕದ ನೋಟ್‌ಬುಕ್ಕಿನ ಚೌಕದ ಹಾಳೆ ಹರಿದುಕೊಂಡು ಬರೆದೆ. ವಾಕರ್ ಸುಲಭ, ಎಲ್ಲ ನೇರ ಗೆರೆ. ತಂತಿ ಮೇಲೆ ಕೂತ ಕ್ಲಿಪ್ಪುಗಳ ಸಾಲು ಒಳ್ಳೇ ಅಂಚಾಯಿತು. ಸತಾಯಿಸಿದ್ದು ಫ್ಯಾನು. ಗವಂತಿ ಹೋಗುವುದು ಉದ್ದಕ್ಕೆ, ಅಡ್ಡಕ್ಕೆ, ಇಲ್ಲಾ ಚೌಕದ ಮೂಲೆಯಿಂದ ಮೂಲೆಗೆ. ಮೂರು ರೆಕ್ಕೆ ಅದರೊಳಗೆ ಸಮವಾಗಿ ಹೇಗೆ ಕೂರುತ್ತೆ ಹೇಳಿ? ಕೊನೆಗೆ ನಾಲ್ಕು ರೆಕ್ಕೆಯ ಫ್ಯಾನ್ ಮಾಡಿದೆ.

ನೋಡೋಕೆ ಬಂದವರೆಲ್ಲ ಅದನ್ನು ಹೂವು ಅಂದುಕೊಂಡರು. ನಾನೂ ಸುಮ್ನೆ ಹೂಂ ಅಂದೆ. ಅತ್ತೆ ಹಿಂದೆ ತಿರುವಿ ನೋಡಿ, "ಚಲೋ ಬಂದೈತಿ, ನನ್ನ ಜಂಪರ್ ತೋಳಿಗೂ ಹಾಕ್ಕೊಡು" ಅಂದರು. ಈಗ ಪ್ಲಾಸ್ಟರ್ ಬಿಚ್ಚಿ ಆಯ್ತು, ಒಂದು ತೋಳು ಮುಗಿದಿದೆ. ಜಂಪರ್ ಬಟ್ಟೆಯ ಎಳೆ ತುಂಬಾ ಸಣ್ಣದು, ಹಗಲು ಬೆಳಕಿಲ್ಲದಿದ್ದರೆ ಎಣಿಸೋಕೇ ಆಗಲ್ಲ.