ಆರು ಡಿಸ್ಕ್‌ಗಳು, ತಿಪಟೂರಿನ ಬೀರು ಮತ್ತು ಆಷಾಢ ಮಾಸ: ಮದುವೆ ಫೋಟೊಗಳನ್ನು ಉಳಿಸಿಕೊಂಡ ನನ್ನ ಅನುಭವ

ತುಮಕೂರಿನಲ್ಲಿ ನಾನು ಸ್ಟುಡಿಯೊ ತೆರೆದದ್ದು 2007ರಲ್ಲಿ. ಅಂದಿನಿಂದ ತೆಗೆದ ಮದುವೆ, ನಾಮಕರಣ, ಗೃಹಪ್ರವೇಶಗಳ ಫೋಟೊ ಮತ್ತು ವಿಡಿಯೊಗಳೆಲ್ಲ ಸೇರಿ ಈಗ ಸುಮಾರು 11 ಟಿಬಿ ಆಗಿವೆ. "ಪೆನ್‌ಡ್ರೈವ್ ಕೊಟ್ಟು ಬಾಕಿ ಎಣಿಸಿಕೊಂಡ ಮೇಲೆ ಅವರ ಫೋಟೊ ನಮಗೇಕೆ ಸ್ವಾಮಿ?" ಎಂದು ವೃತ್ತಿಯ ಗೆಳೆಯರು ನನ್ನನ್ನು ಎಷ್ಟೋ ಸಲ ಕೇಳಿ ನಕ್ಕಿದ್ದರು. ಹಿಂದಿನ ಮಾಘ ಮಾಸದಲ್ಲಿ ನಡೆದ ಒಂದು ಘಟನೆಯ ನಂತರ ಅವರಲ್ಲಿಯೇ ಇಬ್ಬರು ಅಂಗಡಿಗೆ ಬಂದು ನನ್ನ ವ್ಯವಸ್ಥೆಯನ್ನು ನೋಡಿಕೊಂಡು ಹೋದರು.

ಮೊದಲು ಸೋತ ಕಥೆ. 2014ರಲ್ಲಿ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಮೇಜಿನಿಂದ ಬಿದ್ದಿತು. ಅದರಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಮದುವೆಗಳಿಗೆ ಬೇರೆ ನಕಲು ಇರಲಿಲ್ಲ. ಬೆಂಗಳೂರಿನಲ್ಲಿ ಡೇಟಾ ತೆಗೆಸಲು 40 ಸಾವಿರದ ಆಸುಪಾಸು ಖರ್ಚಾಯಿತು. ಮೂರರಲ್ಲಿ ಎರಡು ಪಾಲು ಬಂದಿತು, ಒಂದು ಮನೆಯವರ ಧಾರೆಯ ಫೋಟೊಗಳಂತೂ ಒಂದೂ ಬರಲಿಲ್ಲ. ಅವರ ಪೂರ್ತಿ ಹಣವನ್ನು ಹಿಂತಿರುಗಿಸಿದರೂ, ಆ ತಾಯಿ ಅಂಗಡಿಯ ಬೆಂಚಿನ ಮೇಲೆ ಕುಳಿತು ಒಂದೂ ಮಾತನಾಡದೆ ಎದ್ದು ಹೋದದ್ದನ್ನು ನಾನು ಇನ್ನೂ ಮರೆತಿಲ್ಲ.

ಆಮೇಲೆ ನಾಲ್ಕು ಡಿಸ್ಕ್‌ಗಳ ಪೆಟ್ಟಿಗೆಯೊಂದನ್ನು ತಂದು, ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಸುವ ರೇಡ್ 5 ಜೋಡಣೆ ಹಾಕಿ, ಇನ್ನು ಚಿಂತೆಯಿಲ್ಲ ಎಂದುಕೊಂಡೆ. ನಾಲ್ಕನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡಿದ್ದೆ. ನಾಲ್ಕರ ವಯಸ್ಸೂ ಒಂದೇ, ದುಡಿಮೆಯೂ ಒಂದೇ. ಒಂದು ಹೋದಾಗ ಹೊಸದನ್ನು ಸೇರಿಸಿದೆನಾದರೂ, ಅದು ತುಂಬಿಕೊಳ್ಳುತ್ತಿರುವಾಗಲೇ ಮತ್ತೊಂದು ಕೈಕೊಟ್ಟಿತು. ಹಳೆಯ ಡಿಸ್ಕ್‌ಗಳನ್ನು ಅಳಿಸದೆ ಅಟ್ಟದ ಮೇಲೆ ಎಸೆದಿದ್ದ ಸೋಮಾರಿತನವೇ ಅಂದು ನನ್ನ ಮಾನ ಉಳಿಸಿತು.

ಈಗಿನ ವ್ಯವಸ್ಥೆ 2021ರದು. ಹಳೆಯ ಕಂಪ್ಯೂಟರೊಂದಕ್ಕೆ ಟ್ರೂನ್ಯಾಸ್ ಎಂಬ ಸಂಗ್ರಹ ತಂತ್ರಾಂಶ ಹಾಕಿ, 4 ಟಿಬಿಯ ಆರು ಡಿಸ್ಕ್‌ಗಳನ್ನು ರೇಡ್‌ಜೆಡ್2 ಎಂಬ ಜೋಡಣೆ ಮಾಡಿದ್ದೇನೆ. ಎರಡು ಒಟ್ಟಿಗೆ ಸತ್ತರೂ ಡೇಟಾ ಉಳಿಯುತ್ತದೆ. ಆರನ್ನೂ ಎರಡೆರಡರಂತೆ, ತಿಂಗಳುಗಳ ಅಂತರದಲ್ಲಿ, ಬೇರೆ ಬೇರೆ ಅಂಗಡಿಗಳಿಂದ ತಂದೆ. ಯುಪಿಎಸ್ ಸೇರಿ ಹೆಚ್ಚುಕಡಿಮೆ 85 ಸಾವಿರ ಆಯಿತು. "ಇದೇ ದುಡ್ಡಿಗೆ ಎರಡನೇ ಕ್ಯಾಮೆರಾ ಬರುತ್ತಿತ್ತಲ್ಲ" ಎಂದು ಮನೆಯವಳು ಒಂದು ವರ್ಷ ಹೇಳಿದಳು. ಪ್ರತಿ ರಾತ್ರಿ ಸ್ನ್ಯಾಪ್‌ಶಾಟ್ ಆಗುತ್ತದೆ, ಅಂದರೆ ಫೈಲುಗಳು ಆ ಹೊತ್ತಿಗೆ ಇದ್ದ ಸ್ಥಿತಿ ಹಾಗೆಯೇ ಉಳಿದಿರುತ್ತದೆ. ಕ್ಯಾಮೆರಾದ ಕಾರ್ಡನ್ನು ಫಾರ್ಮ್ಯಾಟ್ ಮಾಡುವ ಮೊದಲು ಪ್ರತಿ ಫೈಲಿನ ಎಸ್‌ಎಚ್‌ಎ-256 ಚೆಕ್‌ಸಮ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ನಕಲಿನದರೊಂದಿಗೆ ತಾಳೆಯಾಗಲೇಬೇಕು. ಅದಾಗದೆ ಕಾರ್ಡ್ ಮುಟ್ಟಿದ ಹುಡುಗನಿಗೆ ಆ ದಿನದ ಬಾಟಾ ಇಲ್ಲ. ಎಡಿಟಿಂಗ್ ಕಂಪ್ಯೂಟರು ನಡೆಯುತ್ತಿರುವ ಕೆಲಸದ ಫೋಲ್ಡರಿನಲ್ಲಿ ಮಾತ್ರ ಬರೆಯಬಲ್ಲದು, ಹಿಂದಿನ ವರ್ಷಗಳನ್ನು ಓದಬಹುದಷ್ಟೆ. ಇನ್ನೊಂದು ನಕಲು ತಿಪಟೂರಿನಲ್ಲಿ ಅಕ್ಕನ ಮನೆಯ ಬೀರುವಿನಲ್ಲಿದೆ. ಹೆಣ್ಣುಮಕ್ಕಳ ಫೋಟೊಗಳಿರುವ ಡಿಸ್ಕ್ ಬಸ್ಸಿನಲ್ಲಿ ಕಳೆದುಹೋದರೆ ಗತಿಯೇನು ಎಂದು ಅದನ್ನು ವೆರಾಕ್ರಿಪ್ಟ್ ಎಂಬ ತಂತ್ರಾಂಶದಿಂದ ಬೀಗ ಹಾಕಿಯೇ ಕಳಿಸುತ್ತೇನೆ. ಮೊದಲ ವರ್ಷ ಪಾಸ್‌ವರ್ಡನ್ನೇ ಮರೆತು, ಆ ಡಿಸ್ಕನ್ನು ಅಳಿಸಿ ಹೊಸದಾಗಿ ತುಂಬಬೇಕಾಯಿತು. ಈಗ ಅದು ಕಾಗದದ ಮೇಲಿದೆ. ಆ ಕಾಗದ ಎಲ್ಲಿದೆ ಎಂಬುದು ಅಕ್ಕನಿಗೂ ನನಗೂ ಮಾತ್ರ ಗೊತ್ತು.

ಮಾಘದ ಆ ರಾತ್ರಿ ನಮ್ಮ ಹುಡುಗ ಆಲ್ಬಮ್ ವಿನ್ಯಾಸಗಳು ಬಿಟ್ಟಿ ಸಿಗುತ್ತವೆಂದು ಏನನ್ನೋ ಇಳಿಸಿಕೊಂಡಿದ್ದ. ಬೆಳಗ್ಗೆ ನೋಡಿದರೆ ಪ್ರತಿ ಫೈಲಿನ ಹೆಸರಿಗೂ ಹೊಸ ಬಾಲ ಹತ್ತಿಕೊಂಡಿತ್ತು, ಫೈಲುಗಳಿಗೆ ಹಾಕಿದ ಬೀಗ ತೆಗೆಯಲು ಬಿಟ್‌ಕಾಯಿನ್ ಕೇಳುವ ಚೀಟಿಯೊಂದು ತೆರೆಯ ಮೇಲಿತ್ತು. ನಾನು ಮೊದಲು ಮಾಡಿದ ಕೆಲಸ ಲ್ಯಾನ್ ತಂತಿ ಕಿತ್ತದ್ದು. ಕೆಲಸದ ಫೋಲ್ಡರಿನ ಸುಮಾರು 2 ಟಿಬಿ ಪೂರ್ತಿ ಹಾಳಾಗಿತ್ತು. ಆದರೆ ಆ ಕಂಪ್ಯೂಟರಿನಿಂದ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸಲು ಅಧಿಕಾರವೇ ಇಲ್ಲದ್ದರಿಂದ ಅವು ಇದ್ದಂತೆಯೇ ಇದ್ದವು. ಹಳೆಯ ಫೈಲುಗಳ ಜೊತೆಗೆ ಕೆಟ್ಟ ಫೈಲುಗಳೂ ಸೇರಿ ಸಂಗ್ರಹ ಶೇಕಡ ತೊಂಬತ್ತರಷ್ಟು ತುಂಬಿದ್ದು ಕಂಡಾಗ ಮಾತ್ರ ಎದೆ ಝಲ್ಲೆಂದಿತು. ಹಿಂದಿನ ವರ್ಷಗಳಿಗೂ ಬರೆಯುವ ಅನುಮತಿ ಕೊಟ್ಟಿದ್ದರೆ ಜಾಗವೇ ಸಾಲುತ್ತಿರಲಿಲ್ಲ. ಹಿಂದಿನ ರಾತ್ರಿಯ ಸ್ಥಿತಿಗೆ ಮರಳಲು ಹಿಡಿದದ್ದು ಕೆಲವೇ ನಿಮಿಷ. ಎಡಿಟಿಂಗ್ ಕಂಪ್ಯೂಟರನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸಲು, ಚೆಕ್‌ಸಮ್ ಪಟ್ಟಿಯೊಂದಿಗೆ ಎಲ್ಲವನ್ನೂ ತಾಳೆ ನೋಡಲು ಎರಡು ದಿನ ಬೇಕಾಯಿತು. ಕಳೆದುಕೊಂಡದ್ದು ಸುಮಾರು ಮುನ್ನೂರು ಫೋಟೊಗಳ ಒಂದು ದಿನದ ತಿದ್ದುಪಡಿ ಮಾತ್ರ. ಆ ವಾರದ ಆಲ್ಬಮ್ ಒಂದೂ ತಡವಾಗಲಿಲ್ಲ.

ಇದರ ನಡುವೆ ಹಳೆಯ ಟ್ರಂಕಿನಲ್ಲಿದ್ದ ಐನೂರರಷ್ಟು ಡಿವಿಡಿಗಳ ಹಿಂದೆಯೂ ಬಿದ್ದೆ. ಅರವತ್ತರ ಹತ್ತಿರ ಓದಲಿಲ್ಲ. ಒಂದು ಡ್ರೈವ್ ಓದದ ಭಾಗವನ್ನು ಬೇರೆ ತಯಾರಿಕೆಯ ಇನ್ನೊಂದು ಡ್ರೈವ್ ಓದುವುದುಂಟು. ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಎಲ್ಲಿಗೆ ನಿಂತಿತ್ತೆಂಬ ಲೆಕ್ಕವನ್ನು ಇಟ್ಟುಕೊಂಡು, ಎರಡನೇ ಡ್ರೈವಿನಲ್ಲಿ ಅಲ್ಲಿಂದಲೇ ಮುಂದುವರಿಸುತ್ತದೆ. ಹೀಗೆ ನಲವತ್ತರಷ್ಟು ಬದುಕಿದವು. ಡಿಸ್ಕ್ ಒರೆಸಲು ನಾನು ಬಳಸುವ ದ್ರವವನ್ನು ಇಲ್ಲಿ ಬರೆಯುವುದಿಲ್ಲ. ಆರು ತಿಂಗಳ ಪ್ರಯೋಗದಲ್ಲಿ ಹತ್ತಾರು ಡಿಸ್ಕ್‌ಗಳನ್ನು ಹಾಳುಮಾಡಿಕೊಂಡು ಕಲಿತದ್ದು ಅದು.

ಆಷಾಢದಲ್ಲಿ ಮದುವೆಗಳಿಲ್ಲದ್ದರಿಂದ ಆ ತಿಂಗಳನ್ನು ತಪಾಸಣೆಗೇ ಮೀಸಲಿಟ್ಟಿದ್ದೇನೆ. ತಿಪಟೂರಿನ ಡಿಸ್ಕ್‌ಗಳನ್ನು ತರಿಸಿ ಹೊಸ ಡೇಟಾ ಸೇರಿಸುವುದು, ಆರರ ಮೇಲೂ ಸ್ಕ್ರಬ್, ಅಂದರೆ ಎಲ್ಲ ಡೇಟಾ ಓದಿ ತಪ್ಪು ಹುಡುಕಿ ಸರಿಪಡಿಸುವ ತಪಾಸಣೆ, ಓಡಿಸುವುದು, ಕಣ್ಣುಮುಚ್ಚಿ ಆರಿಸಿದ ಹತ್ತು ಮದುವೆಗಳನ್ನು ನಕಲಿನಿಂದ ತೆರೆದು ನೋಡುವುದು, ಇಷ್ಟೇ ಕೆಲಸ. ಹಳೆಯ ಫೋಟೊ ಕೇಳಿ ಬಂದವರಿಂದ ಈಗ 1,500 ರೂ. ತೆಗೆದುಕೊಳ್ಳುತ್ತೇನೆ; ತಿಂಗಳಿಗೆ ಮೂರು ನಾಲ್ಕು ಜನ ಬರುತ್ತಾರೆ, ವಿದ್ಯುತ್ ಬಿಲ್ಲಿಗೂ ವರ್ಷಕ್ಕೊಂದು ಹೊಸ ಡಿಸ್ಕಿಗೂ ಅದೇ ಸಾಕು. ಹೋದ ವರ್ಷದ ಸ್ಕ್ರಬ್‌ನಲ್ಲಿ ಮೂರನೇ ಡಿಸ್ಕ್ ಕೆಲವು ತಪ್ಪುಗಳನ್ನು ತೋರಿಸಿ, ಅವು ತಾನಾಗಿ ಸರಿಹೋದರೂ, ನಾನು ಅದನ್ನು ತೆಗೆದುಬಿಟ್ಟೆ. ಅದರ ಜೋಡಿಯನ್ನು ಬರುವ ಆಷಾಢಕ್ಕೆ ಬದಲಿಸಬೇಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೆಲೆ ವಿಚಾರಿಸಿ ಬಂದಿದ್ದೇನೆ.