ಗಿರಣಿಗೆ ಹೋಗುವ ಡಬ್ಬಿ ಕಿರಾಣಿ ಅಂಗಡಿಗೂ ಹೋಗಲಿ

ಜೋಳ ಬೀಸಿಕೊಂಡು ಬರಲು ಗಿರಣಿಗೆ ಹೋಗುವಾಗ ನಾವ್ಯಾರೂ ಅಲ್ಲಿ ಕ್ಯಾರಿಬ್ಯಾಗ್ ಕೇಳುವುದಿಲ್ಲ. ಮನೆಯಿಂದಲೇ ಡಬ್ಬಿ ತುಂಬಿಕೊಂಡು ಹೋಗುತ್ತೇವೆ, ಅದೇ ಡಬ್ಬಿಯಲ್ಲಿ ಬಿಸಿ ಹಿಟ್ಟು ತರುತ್ತೇವೆ. ನಮ್ಮ ಬಾಗಲಕೋಟೆ ನವನಗರದಲ್ಲಿ ಬೆಳಿಗ್ಗೆ ಗಿರಣಿ ಮುಂದೆ ನೋಡಿ, ಮಂದಿಗಿಂತ ಡಬ್ಬಿಗಳೇ ಪಾಳಿ ಹಚ್ಚಿ ನಿಂತಿರುತ್ತವೆ. ಅದರಲ್ಲಿ ಯಾರಿಗೂ ನಾಚಿಕೆ ಇಲ್ಲ, ತ್ರಾಸೂ ಇಲ್ಲ. ಅದೇ ನಾವು ಪಕ್ಕದ ಕಿರಾಣಿ ಅಂಗಡಿಗೆ ಮಾತ್ರ ಕೈಬೀಸಿಕೊಂಡು ಹೋಗಿ, ಬರುವಾಗ ಐದಾರು ಪ್ಲಾಸ್ಟಿಕ್ ಪಾಕೀಟು ಹಿಡಿದುಕೊಂಡು ಬರುತ್ತೇವೆ, ಅಲ್ವಾ?

ಮನೆಯಲ್ಲಿ ಪ್ಲಾಸ್ಟಿಕ್ ಕಡಿಮೆ ಮಾಡಬೇಕು ಅಂತ ಎರಡು ವರ್ಷದಿಂದ ನಾವು ಮಾಡುತ್ತಿರುವುದು ಇಷ್ಟೇ. ಗಿರಣಿಯ ರೂಢಿಯನ್ನು ಒಂದೊಂದೇ ಅಂಗಡಿಗೆ ಒಯ್ಯುವುದು. ಹೇಗೆ ಅಂತ ಹೇಳುತ್ತೇನೆ.

ಮೊದಲು ಒಂದು ವಾರ ಕೂಡಿಡಿ

ಶುರುವಿನಲ್ಲಿ ಏನನ್ನೂ ಬಿಡಬೇಡಿ, ಏನನ್ನೂ ಹೊಸದಾಗಿ ಕೊಳ್ಳಬೇಡಿ. ಅಡುಗೆಮನೆಯ ಬಾಗಿಲ ಹಿಂದೆ ಒಂದು ಖಾಲಿ ಗೋಣಿಚೀಲ ತೂಗುಹಾಕಿ. ಏಳು ದಿನ ಮನೆಗೆ ಬಂದ ಪ್ಲಾಸ್ಟಿಕ್ಕೆಲ್ಲ ಅದರಲ್ಲೇ ಬೀಳಲಿ. ಎಂಟನೇ ದಿನ ಪಡಸಾಲೆಯಲ್ಲಿ ಹಳೆ ಪೇಪರ್ ಹಾಸಿ ಎಲ್ಲ ಸುರುವಿ, ಮಕ್ಕಳನ್ನು ಕೂಡಿಸಿಕೊಂಡು ಗುಂಪು ಮಾಡಿ. ಹಾಲಿಂದು ಒಂದು ಕಡೆ, ಕಾಯಿಪಲ್ಯದ್ದು ಒಂದು ಕಡೆ, ಕಿರಾಣಿಯದ್ದು, ಹೋಟೆಲ್ ಪಾರ್ಸಲ್‌ನದ್ದು, ಬಿಸ್ಕೀಟು ಚಿಪ್ಸಿನದ್ದು, ಬಚ್ಚಲುಮನೆಯದ್ದು.

ನಮ್ಮ ಚೀಲದಲ್ಲಿ ದಿನಕ್ಕೆ ಎರಡರಂತೆ 14 ಹಾಲಿನ ಪಾಕೀಟು ಇದ್ದವು. ಮಗಳು ಅಲ್ಲೇ ಕೂತು ವರ್ಷದ ಲೆಕ್ಕ ಹಾಕಿದಳು, 730. ಬರೀ ಹಾಲಿನದ್ದು! ಒಂದು ಸಿವುಡು ಕೊತಂಬರಿಗೆ ಅಂತಲೇ ಬಂದ ಕ್ಯಾರಿಬ್ಯಾಗೂ ಇತ್ತು. ಮಾರ್ಕೆಟ್‌ನಿಂದ ಮನೆಯವರೆಗೆ ಹತ್ತು ನಿಮಿಷ, ಅದರ ಕೆಲಸ ಅಲ್ಲಿಗೆ ಮುಗಿದಿತ್ತು. ಈ ಗುಂಪುಗಳಲ್ಲಿ ದೊಡ್ಡವು ಯಾವ ಎರಡೋ ಅವನ್ನೇ ಮೊದಲು ಹಿಡಿಯಿರಿ. ಎಲ್ಲಾನೂ ಒಮ್ಮೆಲೇ ಹಿಡಿದರೆ ಹದಿನೈದು ದಿನಕ್ಕೆ ಸಾಕಾಗಿ ಹೋಗುತ್ತದೆ.

ಹಳೆ ಸೀರೆಯಿಂದ ಚೀಲ

ಚೀಲ ಕೊಳ್ಳಬೇಡಿ, ಹೊಲಿಯಿರಿ. ನಮ್ಮ ಭಾಗದ ಮನೆಗಳಲ್ಲಿ ಹಳೆ ಇಳಕಲ್ ಸೀರೆಗೆ ಬರ ಇಲ್ಲ. ಇಳಕಲ್ ಸೀರೆಯ ಮೈ ನೂಲಿನದಾದರೆ ಅದೇ ಚೀಲಕ್ಕೆ ಒಳ್ಳೆಯದು. ತೊಳೆದಷ್ಟೂ ಮೆತ್ತಗಾಗುತ್ತದೆ, ಬೇಗ ಒಣಗುತ್ತದೆ. ರೇಷ್ಮೆ ಸೆರಗನ್ನು ಮಾತ್ರ ಕತ್ತರಿಸಬೇಡಿ, ಅದನ್ನು ನೇಕಾರರು ಮೈಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಜೋಡಣೆಯ ಈಚೆಗೆ ಬಟ್ಟೆ ತೆಗೆದುಕೊಳ್ಳಿ, ಸೆರಗು ಕೌದಿಗೆ ಆಗುತ್ತದೆ.

ಅಳತೆ ಹೀಗೆ. 13 ಇಂಚು ಅಗಲ, 32 ಇಂಚು ಉದ್ದದ ತುಂಡು ಕತ್ತರಿಸಿ. 32 ಇಂಚಿನ ಉದ್ದ ಅರ್ಧ ಆಗುವ ಹಾಗೆ ಸರಿಯಾಗಿ ನಡುವೆ ಮಡಚಿ. ಎರಡೂ ಬದಿಗೆ ಎರಡೆರಡು ಸಲ ಹೊಲಿಗೆ ಹಾಕಿ, ಯಾಕಂದ್ರೆ ಉಳ್ಳಾಗಡ್ಡಿ ಭಾರಕ್ಕೆ ಮೊದಲು ಬಿಚ್ಚುವುದು ಬದಿಯೇ. ಬಾಯಿಯನ್ನು ಒಂದಿಂಚು ಒಳಗೆ ಮಡಚಿ ಹೊಲಿದು ಲಾಡಿ ಪೋಣಿಸಿ. ಹೆಚ್ಚು ಕಡಿಮೆ 12ಕ್ಕೆ 15 ಇಂಚಿನ ಚೀಲ ಆಯಿತು. ಕೈಹೊಲಿಗೆಯಲ್ಲಾದರೂ ಅರ್ಧ ಮುಕ್ಕಾಲು ತಾಸಿನ ಕೆಲಸ. ಇಂಥವು ಆರು ಮಾಡಿಕೊಳ್ಳಿ. ಹಳೆ ಚಾದರದ್ದೋ ಜೀನ್ಸ್ ಪ್ಯಾಂಟಿಂದೋ ಎರಡು ದೊಡ್ಡ ಕೈಚೀಲ ಇರಲಿ. ಟೊಮೆಟೊ, ಹಸಿಮೆಣಸಿನಕಾಯಿ, ಬದನೆಕಾಯಿ ಸಣ್ಣ ಚೀಲಕ್ಕೆ, ಆ ಚೀಲಗಳೆಲ್ಲ ದೊಡ್ಡ ಚೀಲಕ್ಕೆ. ಮೆಂತೆ, ರಾಜಗಿರಿ, ಹತ್ತರಕಿ ಇಂಥ ತೊಪ್ಪಲುಪಲ್ಯಕ್ಕೆ ಚೀಲವೇ ಬೇಡ, ಸಿವುಡು ಸಿವುಡಾಗಿ ಮೇಲೆ ಇಟ್ಟರೆ ಸಾಕು. ಮನೆಗೆ ಬಂದ ಮೇಲೆ ಒದ್ದೆ ಮಾಡಿ ಹಿಂಡಿದ ನೂಲಿನ ಬಟ್ಟೆಯಲ್ಲಿ ಸುತ್ತಿಟ್ಟರೆ ಅದು ಬಾಡುವುದಿಲ್ಲ.

ಚೀಲ ಹೊಲಿಯುವುದು ಸುಲಭ, ಒಯ್ಯಲು ನೆನಪಿಡುವುದೇ ಕಷ್ಟ. ನಾವು ಎಷ್ಟು ಸಲ ಮಾರ್ಕೆಟ್‌ವರೆಗೆ ಹೋಗಿ ತಲೆ ಚಚ್ಚಿಕೊಂಡಿದ್ದೇವೋ! ಕೊನೆಗೆ ಒಂದೇ ನಿಯಮ ಉಳಿಯಿತು: ಕಾಯಿಪಲ್ಯ ಬುಟ್ಟಿಗೆ ಸುರುವಿದ ಕೈಯಲ್ಲೇ ಖಾಲಿ ಚೀಲ ಗಾಡಿ ಡಿಕ್ಕಿಗೆ ವಾಪಸ್ ಹೋಗಬೇಕು. ಕಟ್ಟೆ ಮೇಲೆ ಇಟ್ಟರೆ ಅಲ್ಲೇ ಉಳಿಯುತ್ತದೆ.

ಇನ್ನೊಂದು ಮಾತು. ಬಟ್ಟೆ ಅಂಗಡಿ, ಸ್ವೀಟ್ ಅಂಗಡಿಯಲ್ಲಿ ಕೊಡುವ ಬಣ್ಣಬಣ್ಣದ ಮೆತ್ತನೆ ಚೀಲ ಬಟ್ಟೆಯದ್ದು ಅಂತ ತುಂಬಾ ಮಂದಿ ತಿಳಿದಿದ್ದಾರೆ. ಬಹುತೇಕ ಅವು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಅಂಚು ಕತ್ತರಿಸಿ ಒಂದು ದಾರ ಎಳೆದು ನೋಡಿ. ನೇಯ್ದ ಬಟ್ಟೆಯಾದರೆ ನೂಲು ಬಿಚ್ಚಿ ಬರುತ್ತದೆ, ಇದರಲ್ಲಿ ಬರುವುದಿಲ್ಲ, ಕಾಗದದ ಹಾಗೆ ಹರಿಯುತ್ತದೆ. ಮನೆಯಲ್ಲಿ ಇದ್ದರೆ ಎಸೆಯಬೇಡಿ, ಹರಿಯುವ ತನಕ ಬಳಸಿ. ಹೊಸದು ಬೇಡ ಅನ್ನಿ.

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ ಆಗಿದ್ದು 2016ರ ಮಾರ್ಚ್‌ನಲ್ಲಿ. ಒಮ್ಮೆ ಬಳಸಿ ಬಿಸಾಡುವ ತಾಟು, ಲೋಟ, ಚಮಚ, ಸ್ಟ್ರಾಗಳನ್ನು ದೇಶಕ್ಕೆಲ್ಲ ನಿಷೇಧ ಮಾಡಿದ್ದು 2022ರ ಜುಲೈ 1ರಿಂದ. ಆದರೂ ಸಂತೆಯಲ್ಲಿ ಕೇಳಿದರೆ ಕ್ಯಾರಿಬ್ಯಾಗ್ ಸಿಗುತ್ತದೆ. ನಾವು ಕೇಳುತ್ತೇವೆ ಅಂತಲೇ ಅವರು ಇಟ್ಟುಕೊಳ್ಳುತ್ತಾರೆ. ಕಾಯಿಪಲ್ಯ ಮಾರುವವರಿಗೂ ಅದು ಕೈಯಿಂದ ಹೋಗುವ ರೊಕ್ಕ. ನಾನು ಚೀಲ ಚಾಚಿದಾಗ ಒಬ್ಬ ಅಜ್ಜಿ, "ನಿಮ್ಮಂಥವ್ರು ನಾಕ್ ಮಂದಿ ಬಂದ್ರ ಸಾಕವಾ, ನನಗೂ ಹಾಳಿ ತರೂದು ತಪ್ಪತೈತಿ" ಅಂತ ಮೇಲೆ ಎರಡು ಲಿಂಬೆಹಣ್ಣು ಹಾಕಿದರು.

ಕಿರಾಣಿ ಮತ್ತು ಎಣ್ಣೆ

ಇಲ್ಲೇ ಗಿರಣಿ ಡಬ್ಬಿಯ ಕೆಲಸ. ತಿಂಗಳ ಸಾಮಾನು ತರುವ ದಿನ ಸಕ್ಕರೆ, ತೊಗರಿಬೇಳೆ, ರವೆ, ಶೇಂಗಾ ಈ ನಾಲ್ಕಕ್ಕೆ ಮಾತ್ರ ಡಬ್ಬಿ ಅಥವಾ ಸೀರೆಚೀಲ ಒಯ್ಯಿರಿ. ದೊಡ್ಡ ಮಾಲ್‌ನಲ್ಲಿ ಇದು ನಡೆಯುವುದು ಕಷ್ಟ, ಚೀಲದಿಂದ ತೆಗೆದು ತೂಗಿ ಕೊಡುವ ಅಂಗಡಿ ಹುಡುಕಿಕೊಳ್ಳಿ. ಗದ್ದಲ ಇಲ್ಲದ ಮಧ್ಯಾಹ್ನದ ಹೊತ್ತು ಹೋಗಿ. ಮೊದಲ ಸಲ ನಮ್ಮ ಅಂಗಡಿಯವರು, "ಡಬ್ಬಿ ಯಾಕ್ರೀ ಅಕ್ಕಾರ, ಹಾಳಿಯೊಳಗ ಕಟ್ಟಿ ಕೊಡ್ತೀನಲ್ರೀ" ಅಂದರು. ಡಬ್ಬಿಯ ತೂಕ ಸೇರಿಬಿಡುತ್ತದೆ ಅನ್ನುವುದು ಅವರ ಚಿಂತೆ. ಖಾಲಿ ಡಬ್ಬಿಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡುವ ಗುಂಡಿ ಒತ್ತಿದರೆ ಆಯಿತು, ಆಮೇಲೆ ಬೀಳುವುದೆಲ್ಲ ಬೇಳೆಯ ತೂಕವೇ. ಮೂರನೇ ತಿಂಗಳಿಗೆ ಅವರೇ ಕೈ ಚಾಚಿ ಡಬ್ಬಿ ಇಸಿದುಕೊಳ್ಳತೊಡಗಿದರು.

ಎಣ್ಣೆಗೆ ಗಾಣ ಇದೆ. ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ತೆಗೆಯುವ ಗಾಣಗಳು ನಮ್ಮ ಕಡೆ ಇನ್ನೂ ಇವೆ, ಸ್ಟೀಲ್ ಕ್ಯಾನ್ ಒಯ್ದರೆ ಅದಕ್ಕೇ ಸುರಿದು ಕೊಡುತ್ತಾರೆ. ನಾನು ಮೊದಲ ಸಲ ಒತ್ತುಮುಚ್ಚಳದ ಕ್ಯಾನಿನಲ್ಲಿ ಕಂಠಮಟ್ಟ ತುಂಬಿಸಿಕೊಂಡು ಗಾಡಿ ಮುಂದೆ ಇಟ್ಟುಕೊಂಡು ಬಂದೆ. ಒಂದು ಹಂಪ್ಸಿಗೆ ಮುಚ್ಚಳ ಹಾರಿತು, ಅರ್ಧ ಕಿಲೋ ಕುಸುಬಿ ಎಣ್ಣೆ ರಸ್ತೆ ಪಾಲಾಯಿತು. ಹೊಟ್ಟೆ ಉರಿಯಿತು. ಅದಕ್ಕೇ ಹೇಳುವುದು, ತಿರುಪು ಮುಚ್ಚಳದ ಕ್ಯಾನೇ ಬೇಕು, ಮೇಲೆ ನಾಲ್ಕು ಬೆರಳು ಖಾಲಿ ಬಿಡಿಸಿ, ಬಾಯಿಗೊಂದು ಬಟ್ಟೆ ತುಂಡು ಇಟ್ಟು ಮುಚ್ಚಿ.

ಹಾಲು

ಮನೆಗೆ ಹಾಲು ತಂದು ಹಾಕುವವರು ಸಿಕ್ಕರೆ ಪಾತ್ರೆ ಹಿಡಿಯಿರಿ, ಅದಕ್ಕಿಂತ ಸುಲಭದ್ದಿಲ್ಲ. ನಮಗೆ ಒಂದು ಹೊತ್ತಿನದು ಹಾಗೆ ಸಿಕ್ಕಿದೆ, ಇನ್ನೊಂದು ಹೊತ್ತಿಗೆ ಪಾಕೀಟೇ. ಪಾಕೀಟು ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ, ಅದು ಪಾಕೀಟಿಗೇ ಅಂಟಿಕೊಂಡಿರಲಿ. ಉಗುರಿನಷ್ಟು ಆ ತುಂಡು ಕಸದಲ್ಲಿ ಬಿದ್ದರೆ ಯಾರ ಕೈಗೂ ಸಿಗುವುದಿಲ್ಲ, ಗಟಾರ ಸೇರುತ್ತದೆ. ಖಾಲಿ ಪಾಕೀಟಿಗೆ ಒಂದಿಷ್ಟು ನೀರು ಹಾಕಿ ಅಲ್ಲಾಡಿಸಿ, ಆ ನೀರು ಗಿಡಕ್ಕೆ ಸುರಿಯಿರಿ. ಪಾಕೀಟನ್ನು ಹಗ್ಗಕ್ಕೆ ಸಿಗಿಸಿ ಒಣಗಿಸಿ. ತೊಳೆದು ಒಣಗಿಸಿದ ಹಾಲಿನ ಪಾಕೀಟನ್ನು ಗುಜರಿಯವರು ತೆಗೆದುಕೊಳ್ಳುತ್ತಾರೆ, ವಾಸನೆ ಹೊಡೆಯುವುದನ್ನು ಮುಟ್ಟುವುದಿಲ್ಲ. ಮೊಸರಿನ ಪಾಕೀಟಂತೂ ಬೇಡವೇ ಬೇಡ. ನಮ್ಮ ಊರಿನ ಬಿಸಿಲಿಗೆ ರಾತ್ರಿ ಹೆಪ್ಪು ಹಾಕಿದರೆ ಬೆಳಿಗ್ಗೆಗೆ ಗಟ್ಟಿ ಮೊಸರು.

ಬಿಸಿ ಇದ್ದದ್ದು ಪ್ಲಾಸ್ಟಿಕ್ಕಿಗೆ ಬೇಡ

ಇದೊಂದು ವಿಷಯದಲ್ಲಿ ನಾನು ಮನೆಯಲ್ಲಿ ಯಾರ ಮಾತೂ ಕೇಳುವುದಿಲ್ಲ. ಕುದಿಯುವ ಸಾಂಬಾರನ್ನು, ಹೊಗೆಯಾಡುವ ಚಹಾವನ್ನು ತೆಳ್ಳನೆ ಕ್ಯಾರಿಬ್ಯಾಗಿಗೆ ಸುರಿದು ಗಂಟು ಹಾಕಿ ಕೊಡುವುದನ್ನು ನೋಡಿದರೆ ಜೀವ ಚುರ್ ಅನ್ನುತ್ತದೆ. ಪೇಪರ್ ಕಪ್ ಪರವಾಗಿಲ್ಲ ಅಂತ ಅಂದುಕೊಂಡಿರುತ್ತೇವೆ. ಕಾಗದದಲ್ಲಿ ಚಹಾ ನಿಲ್ಲಬೇಕಾದರೆ ಒಳಗೆ ಪ್ಲಾಸ್ಟಿಕ್ಕಿನ ಪದರ ಇರಲೇಬೇಕಲ್ಲ! ಖರಗಪುರ ಐಐಟಿಯವರು 2020ರಲ್ಲಿ ಪರೀಕ್ಷೆ ಮಾಡಿದಾಗ, ಅಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಸಣ್ಣ ಪ್ಲಾಸ್ಟಿಕ್ ಕಣ ಅದಕ್ಕೆ ಸೇರುತ್ತವೆ ಅಂತ ಕಂಡುಬಂತು.

ಹಾಗಾಗಿ ಪಾರ್ಸಲ್ ತರಲು ಟಿಫಿನ್ ಕ್ಯಾರಿಯರ್ ಒಯ್ಯಿರಿ, ಚಹಾಕ್ಕೆ ಥರ್ಮಾಸ್. ಮಿರ್ಚಿ ಭಜಿಗೂ ಒಂದು ಸ್ಟೀಲ್ ಡಬ್ಬಿ. ಪ್ಲಾಸ್ಟಿಕ್ ಬೇಡ ಅಂತ ಭಜಿಯನ್ನು ನ್ಯೂಸ್ ಪೇಪರಿನಲ್ಲಿ ಕಟ್ಟಿಸಿಕೊಳ್ಳಬೇಡಿ, ಅದರ ಮಸಿ ಎಣ್ಣೆಗೆ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವೂ ಅದನ್ನು ಬೇಡ ಅಂದಿದೆ. ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಗಳನ್ನು ಎಸೆಯುವುದೂ ಬೇಡ. ಅವು ಮೊಳೆ, ಗುಂಡಿ, ಸೂಜಿ ದಾರಕ್ಕೆ ಇರಲಿ. ಮಕ್ಕಳ ಬುತ್ತಿ ಮಾತ್ರ ಸ್ಟೀಲಿಗೆ ಬರಲಿ. ಕಡಕ್ ರೊಟ್ಟಿಗಂತೂ ಬಟ್ಟೆ ಸುತ್ತಿದ ಬುಟ್ಟಿಯೇ ಸರಿ.

ಬಚ್ಚಲುಮನೆಯದು ಎರಡು ಮಾತಿನಲ್ಲಿ ಮುಗಿಯುತ್ತದೆ. ಶಾಂಪೂ ಪುಡಿಕೆ ಬಿಟ್ಟು ಸೀಗೇಕಾಯಿ ಪುಡಿ ಅಥವಾ ದೊಡ್ಡ ಬಾಟಲಿ ತನ್ನಿ, ಮೈಗೂ ಕೈಗೂ ಸಾಬೂನಿನ ತುಂಡು ಸಾಕು. ಪಾತ್ರೆ ತಿಕ್ಕಲು ತೆಂಗಿನ ನಾರು ಅಥವಾ ಒಣಗಿದ ತುಪ್ಪದ ಹೀರೇಕಾಯಿಯ ಜಾಳಿಗೆ.

ಕುಬಸ, ಎಳ್ಳಮಾವಾಸ್ಯೆ

ಒಂದು ವರ್ಷ ಉಳಿಸಿದ್ದನ್ನು ಒಂದು ಕಾರ್ಯಕ್ರಮ ಒಂದೇ ದಿನದಲ್ಲಿ ವಾಪಸ್ ತರುತ್ತದೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ, ಭೂಮಿತಾಯಿಗೆ ಉಣ್ಣಿಸುವ ದಿನ ಅದು. ಉಂಡು ಎದ್ದ ಮೇಲೆ ಬನ್ನಿಗಿಡದ ಕೆಳಗೆ ಹಾರಾಡುವ ಬಿಳಿ ತಾಟು, ನೀರಿನ ಬಾಟಲಿ ನೋಡಿದರೆ ಸಂಕಟ ಆಗುತ್ತದೆ. ಆ ತಾಟು ಮುಂದಿನ ಸಲ ರಂಟೆ ಹೊಡೆಯುವಾಗ ಮಣ್ಣಿನೊಳಗಿಂದ ಹಾಗೇ ಏಳುತ್ತದೆ.

ನಮ್ಮ ಓಣಿಯ ಹತ್ತು ಮನೆಯವರು ರೊಕ್ಕ ಕೂಡಿಸಿ 50 ಸ್ಟೀಲ್ ತಾಟು, 50 ವಾಟಗ, 50 ಲೋಟ ತಂದಿದ್ದೇವೆ. ಒಬ್ಬರ ಮನೆಯ ಟ್ರಂಕಿನಲ್ಲಿ ಇರುತ್ತವೆ. ಯಾರ ಮನೆಯಲ್ಲಿ ಕುಬಸ, ತೊಟ್ಟಿಲು, ಹುಟ್ಟುಹಬ್ಬ ಇದ್ದರೂ ಒಯ್ಯುತ್ತಾರೆ, ತೊಳೆದು ಎಣಿಸಿ ವಾಪಸ್ ಇಡುತ್ತಾರೆ. ಬಾಡಿಗೆ ಇಲ್ಲ, ಕಳೆದರೆ ತಂದು ಇಡಬೇಕು ಅಷ್ಟೇ. ನೂರಾರು ಮಂದಿ ಇದ್ದರೆ ಮುತ್ತಲ ಎಲೆಯ ಪತ್ರಾವಳಿ ಅಥವಾ ಬಾಳೆ ಎಲೆ. ಮಿಂಚುವ ಪೇಪರ್ ತಾಟು ತರುವ ಮುಂಚೆ ಹರಿದು ನೋಡಿ, ಮೇಲಿನ ಪದರ ಸುಲಿದು ಬಂದರೆ ಅದೂ ಪ್ಲಾಸ್ಟಿಕ್ಕೇ. ನೀರಿಗೆ ಬಾಟಲಿ ಪೆಟ್ಟಿಗೆ ಬದಲು ಎರಡು ಹರವಿ, ಒಂದಿಷ್ಟು ಚರಗಿ ಇಡಿ. ನಮ್ಮ ಬೇಸಿಗೆಗೆ ಹರವಿ ನೀರಿನ ತಂಪು ಯಾವ ಬಾಟಲಿಯಲ್ಲಿದೆ ಹೇಳಿ!

ಉಳಿದದ್ದನ್ನು ಸುಡಬೇಡಿ, ಗಂಟು ಕಟ್ಟಿ ಎಸೆಯಬೇಡಿ

ಎಷ್ಟು ಮಾಡಿದರೂ ಒಂದಿಷ್ಟು ಬಂದೇ ಬರುತ್ತದೆ. ನಮ್ಮ ಮನೆಯಲ್ಲಿ ಮೊದಲು ಅದು ಹೋಗುತ್ತಿದ್ದದ್ದು ಹಂಡೆಯ ಒಲೆಗೆ. ಬೆಳಿಗ್ಗೆ ನೀರು ಕಾಯಿಸಲು ಒಂದು ಕ್ಯಾರಿಬ್ಯಾಗಿಗೆ ಕಡ್ಡಿ ಗೀರಿ ಕಟ್ಟಿಗೆ ಕೆಳಗೆ ತುರುಕಿದರೆ ಭಗ್ ಅಂತ ಹತ್ತುತ್ತದೆ, ಅತ್ತೆಗೆ ಅದೇ ರೂಢಿ. ಆ ಕಪ್ಪು ಹೊಗೆ ಮೊದಲು ಸೇರುತ್ತಿದ್ದದ್ದು ಒಲೆ ಮುಂದೆ ಕೂತ ಅವರ ಎದೆಗೇ. ಪಿವಿಸಿ ಇರುವ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ, ಯಾವ ಹಾಳೆಯಲ್ಲಿ ಏನಿದೆ ಅಂತ ಒಲೆ ಮುಂದೆ ಕೂತವರಿಗೆ ತಿಳಿಯುವುದಿಲ್ಲ. ಈಗ ಒಲೆ ಪಕ್ಕ ಒಂದು ಬುಟ್ಟಿಯಲ್ಲಿ ತೆಂಗಿನ ನಾರು, ತೊಗರಿ ಕಟ್ಟಿಗೆಯ ಸಣ್ಣ ಚೂರು ಇಟ್ಟಿದ್ದೇವೆ. ಕೈಗೆ ಸಿಗುವ ಹಾಗೆ ಇದ್ದರೆ ಅವರೂ ಅದನ್ನೇ ಹಾಕುತ್ತಾರೆ.

ಅಡುಗೆ ಉಳಿದದ್ದನ್ನು ಕ್ಯಾರಿಬ್ಯಾಗಿನಲ್ಲಿ ಗಂಟು ಕಟ್ಟಿ ಹೊರಗೆ ಇಡಬೇಡಿ. ಆಕಳಿಗೆ ಅನ್ನದ ವಾಸನೆ ಬರುತ್ತದೆ, ಗಂಟು ಬಿಚ್ಚಲು ಬರುವುದಿಲ್ಲ, ಚೀಲ ಸಮೇತ ನುಂಗುತ್ತದೆ. ಅದು ಕರಗದೆ ಮೊದಲ ಹೊಟ್ಟೆಯಲ್ಲೇ ಕೂಡುತ್ತಾ ಹೋಗುತ್ತದೆ, ಹೊಟ್ಟೆ ತುಂಬಿದ ಹಾಗೆ ಕಂಡರೂ ಆಕಳು ಸೊರಗುತ್ತದೆ. ಆಪರೇಷನ್ ಮಾಡಿ ಆ ಗಂಟು ತೆಗೆಯುವುದನ್ನು ಒಮ್ಮೆ ನೋಡಿದರೆ ಸಾಕು, ಮತ್ತೆ ಕೈ ಏಳುವುದಿಲ್ಲ. ಹಸಿ ಕಸ ಬಕೆಟ್‌ನಲ್ಲೇ ಒಯ್ದು ಕಸದ ಗಾಡಿಗೆ ಸುರಿಯಿರಿ. ಒಣ ಪ್ಲಾಸ್ಟಿಕ್ ತೊಳೆದು ಒಣಗಿಸಿ ಅದೇ ಗೋಣಿಚೀಲಕ್ಕೆ ಹಾಕಿ, ತಿಂಗಳಿಗೊಮ್ಮೆ ಗುಜರಿಗೆ ಕೊಡಿ. ಅವರು ಬೇಡ ಅಂದದ್ದನ್ನು ಒಣ ಕಸದಲ್ಲಿ ಹಾಕಿ.

ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಒಂದು ವಾರ ಕೂಡಿಟ್ಟು ಪಡಸಾಲೆಯಲ್ಲಿ ಸುರುವಿ ನೋಡಿ. ನಮ್ಮದರಲ್ಲಿ ಹೋದ ಸಲ ಉಳಿದಿದ್ದು 7 ಹಾಲಿನ ಪಾಕೀಟು, ಮಾವನವರ ಗುಳಿಗೆಯ ಖಾಲಿ ಪಟ್ಟಿಗಳು, ಮಕ್ಕಳ ಬಿಸ್ಕೀಟು ಕವರು. ಗುಳಿಗೆ ಪಟ್ಟಿಗೆ ನಮ್ಮಲ್ಲಿ ದಾರಿ ಇಲ್ಲ. ಬಿಸ್ಕೀಟಿಗೆ ಇದೆ, ಬೇಕರಿಯಲ್ಲಿ ಖಾರಿ, ಟೋಸ್ಟ್ ತೂಗಿ ಕೊಡುತ್ತಾರೆ. ಈ ಶನಿವಾರ ಮಗಳು ಅಲ್ಲಿಗೆ ಡಬ್ಬಿ ಒಯ್ಯುತ್ತಾಳಂತೆ.