ಬಿಂದಿಗೆಯ ಘನಫಲ: ದಾರ, ಅಳತೆಪಟ್ಟಿ ಮತ್ತು ಅನುಕಲನ

ಪರಿಭ್ರಮಣ ಘನಗಳ, ಅಂದರೆ ಒಂದು ಆಕೃತಿಯನ್ನು ಅಕ್ಷದ ಸುತ್ತ ತಿರುಗಿಸಿದಾಗ ಸಿಗುವ ಘನಗಳ ಲೆಕ್ಕದಲ್ಲಿ ನಾನು ಸೂತ್ರವನ್ನು ಕೊನೆಗೆ ಬರೆಯುತ್ತೇನೆ. ಮೊದಲು ಚಿತ್ರ, ಅದರೊಳಗೆ ಒಂದೇ ಒಂದು ತೆಳು ಪಟ್ಟಿ. ಆ ಪಟ್ಟಿ ಅಕ್ಷದ ಸುತ್ತ ತಿರುಗಿದರೆ ಏನಾಗುತ್ತದೆ ಎಂದು ನೋಡಿದರೆ ಅರ್ಧ ಕೆಲಸ ಮುಗಿಯಿತು; ಉಳಿದದ್ದು ಅಂಥ ಪಟ್ಟಿಗಳನ್ನೆಲ್ಲ ಕೂಡಿಸುವುದು, ಅದೇ ಅನುಕಲನ. ಅಕ್ಷಕ್ಕೆ ಲಂಬವಾದ ಪಟ್ಟಿ ಬಿಲ್ಲೆಯಾಗುತ್ತದೆ, ನಡುವೆ ತೂತಿದ್ದರೆ ವಾಷರ್. ಸಮಾಂತರವಾದದ್ದು ಕೊಳವೆಯಾಗುತ್ತದೆ.

ವೈ = ಎಕ್ಸ್ ಎಂಬ ರೇಖೆಗೂ ವೈ = ಎಕ್ಸ್² ಎಂಬ ಪರವಲಯಕ್ಕೂ ನಡುವಿನ ಜಾಗವನ್ನು ಎಕ್ಸ್ ಅಕ್ಷದ ಸುತ್ತ ತಿರುಗಿಸಿದರೆ ಘನಫಲ 2ಪೈ/15. ಇಲ್ಲಿ ಎರಡೂ ತ್ರಿಜ್ಯಗಳನ್ನು ವರ್ಗ ಮಾಡಿ ಆಮೇಲೆ ಕಳೆಯಬೇಕು. ಮೊದಲೇ ಕಳೆದು ವರ್ಗ ಮಾಡಿದವರಿಗೆ ಪೈ/30, ಅಂದರೆ ಕಾಲು ಭಾಗವಷ್ಟೇ ಸಿಗುತ್ತದೆ. ವಾಷರ್ ಬಿಡಿಸಿಕೊಂಡವರಿಗೆ ಈ ಗೊಂದಲವೇ ಇರುವುದಿಲ್ಲ. ಅದೇ ಜಾಗವನ್ನು ವೈ ಅಕ್ಷದ ಸುತ್ತ ತಿರುಗಿಸುವಾಗ ನಾನು ಕೊಳವೆಗಳನ್ನೇ ಹಿಡಿಯುತ್ತೇನೆ: ಉತ್ತರ ಪೈ/6.

ಆದರೆ ಮನೆಯ ಹಿತ್ತಾಳೆ ಬಿಂದಿಗೆಗೆ ಸಮೀಕರಣವೆಲ್ಲಿದೆ? ತಳದಿಂದ ಭುಜದವರೆಗೆ 24 ಸೆಂಟಿಮೀಟರ್ ಎತ್ತರ. ಪ್ರತಿ 6 ಸೆಂಟಿಮೀಟರಿಗೆ ದಾರ ಸುತ್ತಿ ಪರಿಧಿ ಅಳೆದೆ: 50, 80, 88, 76, 40. ಪರಿಧಿಯ ವರ್ಗವನ್ನು 4ಪೈಯಿಂದ ಭಾಗಿಸಿದರೆ ಆ ಮಟ್ಟದ ಬಿಲ್ಲೆಯ ವಿಸ್ತೀರ್ಣ. ತ್ರಿಜ್ಯ ಹುಡುಕುವ ಗೋಜಿಲ್ಲ. ಆ ಐದು ವಿಸ್ತೀರ್ಣಗಳಿಗೆ ಸಿಂಪ್ಸನ್ ನಿಯಮದಂತೆ (ಕೆಲವೇ ಅಳತೆಗಳಿಂದ ಅನುಕಲನವನ್ನು ಅಂದಾಜು ಮಾಡುವ ವಿಧಾನ) 1, 4, 2, 4, 1 ಎಂಬ ತೂಕ ಕೊಟ್ಟು ಕೂಡಿಸಿ, ಅಂತರದ ಮೂರನೇ ಒಂದು ಭಾಗವಾದ 2ರಿಂದ ಗುಣಿಸಿದಾಗ ಸುಮಾರು 10.9 ಲೀಟರ್ ಬಂತು.

ತಳ, ನಡು, ಮೇಲು ಎಂದು ಮೂರೇ ಅಳತೆ ಹಿಡಿದರೆ 11.2 ಲೀಟರ್. ಈ ಮೂರು ಅಳತೆಯ ಲೆಕ್ಕಕ್ಕೆ ಖಗೋಳಶಾಸ್ತ್ರಜ್ಞ ಕೆಪ್ಲರನ ಹೆಸರಿದೆ. 1613ರಲ್ಲಿ ತನ್ನ ಮದುವೆಗೆ ತರಿಸಿದ ದ್ರಾಕ್ಷಾರಸದ ಪೀಪಾಯಿಗಳನ್ನು ವ್ಯಾಪಾರಿ ಬರೀ ಒಂದು ಕೋಲು ಇಳಿಬಿಟ್ಟು ಅಳೆದದ್ದು ಅವನಿಗೆ ಸಮಾಧಾನ ತರಲಿಲ್ಲ. 1615ರಲ್ಲಿ ಪೀಪಾಯಿಗಳ ಘನಫಲದ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ. ಮದುವೆ ಖರ್ಚಿನ ತಕರಾರಿನಿಂದ ಹುಟ್ಟಿದ ಇಷ್ಟು ಒಳ್ಳೆಯ ಗಣಿತವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊನೆಗೆ ಲೀಟರ್ ಅಳತೆಯಿಂದ ಭುಜದವರೆಗೆ ನೀರು ಸುರಿದೆ. ಹತ್ತೂವರೆ ಲೀಟರಿಗಿಂತ ತುಸು ಹೆಚ್ಚು ಹಿಡಿಯಿತು. ದಾರ ಸುತ್ತಿದ್ದು ಹೊರಮೈಗೆ. ಲೋಹದ ದಪ್ಪ ಲೆಕ್ಕದಲ್ಲಿ ಸೇರಿಬಿಟ್ಟಿತ್ತು, ತಳದ ಒಳಉಬ್ಬೂ ಸ್ವಲ್ಪ ಜಾಗ ತಿಂದಿತ್ತು. ಕಂಠವನ್ನು ಬೇರೆಯಾಗಿ, ಸಿಲಿಂಡರ್ ಎಂದೇ ಹಿಡಿದು ಲೆಕ್ಕ ಹಾಕಿದೆ.